ರೋನಾ ಕಟ್ಟಿದ ಗಂಟು

ಗ್ರೆಗರ್ ಬ್ರೋಡಿಯ ಹೆಣ ಸಿಕ್ಕಿದ ಮರುದಿನವೂ ಬಾಲ್ನಾಖ್ ಕಾಡಿನ ಮೇಲೆ ಹಿಮ ಬೆರೆತ ಮಳೆ ಬಿಡದೆ ಸುರಿಯುತ್ತಿತ್ತು. ಕೆಂಪು ಅಳಿಲು, ಕಾಡುಕೋಳಿ ನೋಡಲು ಬಂದಿದ್ದ ಚಾರಣಿಗರನ್ನೆಲ್ಲ ಡೂಗಲ್ ತನ್ನ ವಸತಿಗೃಹದಿಂದ ವಾಪಸು ಕಳಿಸಿಬಿಟ್ಟಿದ್ದ. ಕಾಯುವವನೇ ಸತ್ತ ಕಾಡನ್ನು ಯಾವ ಮುಖ ಹೊತ್ತು ತೋರಿಸುವುದು? ಬೆಳಿಗ್ಗೆ ಅವನು ಎಫಿ ರೆನ್ನಿಯವರ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ ಗ್ರೆಗರನ ಮಗಳು ರೋನಾ ತೊಯ್ದು ತೊಪ್ಪೆಯಾಗಿ ಒಳಗೆ ಬಂದಳು.

ಎಫಿ ಮೂವತ್ತು ವರ್ಷ ಅಂಚೆ ಕಚೇರಿ ನಡೆಸಿ ನಿವೃತ್ತರಾದವರು. ಮನೆ ಕಾಡಿನ ಬಾಗಿಲಲ್ಲೇ. ಕಣಿವೆಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಪೊಲೀಸರಿಗಿಂತ ಮೊದಲು ಅವರ ಕದ ತಟ್ಟುತ್ತಿದ್ದರು.

"ಎಫಿ ಆಂಟಿ, ಅಪ್ಪನ್ನ ಕೊಂದಿದ್ದು ನಾನೇ," ಎಂದಳು ರೋನಾ.

"ಮೊದಲು ಒಲೆ ಹತ್ರ ಕೂತ್ಕೋ. ಆಮೇಲೆ ಹೇಳು."

ಹೇಳಲು ಹೆಚ್ಚೇನೂ ಇರಲಿಲ್ಲ. ಶನಿವಾರ ಗ್ರೆಗರ್ ಬೀಜಕ್ಕಾಗಿ ಪೈನ್ ಕಾಯಿ ಕೀಳಲು ಹಗ್ಗ, ಗೋಣಿಚೀಲ ಹಿಡಿದು ಹೊರಟಿದ್ದ. ತಾಯಿ ತೀರಿಕೊಂಡ ಮೇಲೆ ಅಪ್ಪನ ಸೊಂಟಪಟ್ಟಿಗೆ ಹಗ್ಗದ ಗಂಟು ಹಾಕುವುದು ರೋನಾಳ ಕೆಲಸ. ಈ ವರ್ಷ ಕಾಯಿ ತೀರ ಕಡಿಮೆ. ಯಾವ ಮರ ಹತ್ತುತ್ತೇನೆಂದು ಅವನು ಯಾರಿಗೂ ಹೇಳಿರಲಿಲ್ಲ, ಸಂಜೆ ವಾಪಸೂ ಬರಲಿಲ್ಲ. ಊರವರು ದಿಕ್ಕಿಗೊಬ್ಬರಂತೆ ಹುಡುಕಿದರು. ಉತ್ತರದ ದಿಬ್ಬವನ್ನು ನಾನು ನೋಡುತ್ತೇನೆ ಎಂದವನು, ಕಾಯಿ ಒಣಗಿಸಿ ಬೀಜ ತೆಗೆದು ಮಾರಾಟಕ್ಕೆ ಕಳಿಸುವ ಗುಡಿಸಲಿನ ಮನ್ರೋ. ಮಂಗಳವಾರ ಅಲ್ಲಿಯ ಮುದಿ ಪೈನ್ ಮರದಡಿ ಹೆಣ ಕಂಡವನೂ ಅವನೇ. ತಲೆ ಒಡೆದಿತ್ತು, ಪಕ್ಕದಲ್ಲಿ ಚೀಲದ ತುಂಬ ಕಾಯಿಗಳಿದ್ದವು, ಕೊಂಬೆಯಿಂದ ಹಗ್ಗ ನೇತಾಡುತ್ತಿತ್ತು. ರೋನಾ ಹಾಕಿದ್ದ ಗಂಟು ಬಿಚ್ಚಿಹೋಗಿತ್ತು.

"ಮನ್ರೋ ಅಂಕಲ್ ಒಬ್ರೇ ನಂಗೆ ಸಮಾಧಾನ ಹೇಳಿದ್ದು," ಎಂದಳು ಅವಳು. "'ಚಳಿಗೆ ನಿನ್ನ ಬೆರಳು ಮರಗಟ್ಟಿರತ್ತೆ ಮಗಳೇ, ಗಂಟು ಸಡಿಲ ಆಗಿರತ್ತೆ, ಅದು ತಪ್ಪಲ್ಲ' ಅಂದ್ರು."

ಸಮಾಧಾನವೋ, ಗಾಯಕ್ಕೆ ಉಪ್ಪೋ ಎಂದುಕೊಂಡ ಡೂಗಲ್. ಆದರೆ ಮನ್ರೋ ನಯವಾಗಿ ಮಾತಾಡಲು ಬಾರದ ಒಳ್ಳೆಯ ಮನುಷ್ಯ, ರೋನಾಳನ್ನು ಎತ್ತಿ ಆಡಿಸಿದವನು.

"ಹಿಂದಿನ ದಿನ ನಿಮ್ಮಪ್ಪ ಹೇಗಿದ್ದ?" ಎಂದು ಎಫಿ ಕೇಳಿದರು.

"ಸಿಟ್ಟಲ್ಲಿದ್ರು. 'ಮರದಲ್ಲಿ ಕಾಯೇ ಇಲ್ಲ, ಗುಡಿಸಲಲ್ಲಿ ಬೀಜದ ಪೊಟ್ಟಣ ಮಾತ್ರ ತುಂಬಿವೆ, ಇದ್ಯಾವ ಪವಾಡ?' ಅಂತಿದ್ರು."

ಅವಳು ಮೂರು ದಿನದಿಂದ ಒಂದು ತುತ್ತು ನುಂಗಿರಲಿಲ್ಲ. ಹೀಗೇ ಬಿಟ್ಟರೆ ಅಪ್ಪನ ಹಿಂದೆ ಮಗಳೂ ಹೋಗುತ್ತಾಳೆ ಎಂದುಕೊಂಡು ಡೂಗಲ್ ತನ್ನ ಚಹಾವನ್ನೇ ಅವಳ ಮುಂದೆ ಸರಿಸಿದ.

ಹೆಣವನ್ನು ಚರ್ಚಿನ ಪಕ್ಕದ ಕೋಣೆಯಲ್ಲಿಟ್ಟಿದ್ದರು. ಎಫಿ ಗಾಯದ ಕಡೆ ಹೆಚ್ಚು ನೋಡಲಿಲ್ಲ. ಗ್ರೆಗರನ ಅಂಗೈಗಳನ್ನು ಬಿಡಿಸಿ, ಬಗ್ಗಿ ಮೂಸಿದರು.

"ಡೂಗಲ್, ಇವ್ನು ಕೈಗವಸು ಹಾಕ್ತಿದ್ನಾ?"

"ಗ್ರೆಗರಾ? ಮದುವೆ ದಿನಾನೂ ಹಾಕ್ದವನಲ್ಲ."

"ಹಾಗಾದ್ರೆ ನೀನೂ ಮೂಸು."

ಅಂಗೈ ಶುಭ್ರವಾಗಿತ್ತು. ಉಗುರಿನ ಸಂದಿಯಲ್ಲಿ ಹುಳಿತ ಬೆಣ್ಣೆಯ ವಾಸನೆ. "ರೊಟ್ಟಿ ತಿಂದಿರ್ಬೇಕು," ಎಂದ ಡೂಗಲ್.

"ನಿನಗೆ ಊಟ ಬಿಟ್ರೆ ಬೇರೆ ಯೋಚನೆ ಇಲ್ಲ," ಎಂದು ಎಫಿ ಮೂಲೆಯಲ್ಲಿದ್ದ ಗ್ರೆಗರನ ಚೀಲದಿಂದ ನಾಲ್ಕು ಕಾಯಿ ತೆಗೆದು ಜೇಬಿಗಿಳಿಸಿದರು. ಒದ್ದೆಯಾದ ಕಂದು ಕಾಯಿಗಳು, ಈಗಷ್ಟೇ ಕಿತ್ತಂತೆ ಬಿಗಿಯಾಗಿ ಮುಚ್ಚಿಕೊಂಡಿದ್ದವು.

ಮರುದಿನ ಡೂಗಲ್ ಬಂದಾಗ ಅವು ಒಲೆಯ ಶಾಖಕ್ಕೆ ಅರಳಿ ಕೂತಿದ್ದವು. ಎಫಿ ಒಂದೊಂದನ್ನೇ ಹಳೆಯ ಪತ್ರಿಕೆಯ ಮೇಲೆ ಕೊಡವಿದರು. ಏನೂ ಉದುರಲಿಲ್ಲ. ಅವರು ಖಾಲಿ ಕಾಗದವನ್ನು ಮಡಚಿಟ್ಟರು. ಆಮೇಲೆ ಕಾನ್‌ಸ್ಟೇಬಲ್ ಕೆರ್‌ಗೆ ಫೋನ್ ಮಾಡಿದರು.

ಶುಕ್ರವಾರ ಮಧ್ಯಾಹ್ನ ಡೂಗಲನ ವಸತಿಗೃಹದಲ್ಲಿ ಎಲ್ಲರೂ ಸೇರಿದರು. ರೋನಾ ಕಿಟಕಿಯ ಬಳಿ, ಅವಳ ಪಕ್ಕದಲ್ಲೇ ಮನ್ರೋ, ಬಾಗಿಲಲ್ಲಿ ಕೆರ್. ಡೂಗಲ್ ತಂದಿಟ್ಟ ಸೂಪು ಯಾರೂ ಮುಟ್ಟದೆ ಆರುತ್ತಿತ್ತು.

"ರೋನಾ, ನಿನ್ನ ಗಂಟು ಬಿಚ್ಚಿಲ್ಲ," ಎಂದು ಎಫಿ ಶುರುಮಾಡಿದರು. "ಕಾಯಿ ಕೀಳೋವ್ನ ಕೈಗೆ ಅಂಟು ಮೆತ್ಕೊಂಡು ಕಪ್ಪಾಗತ್ತೆ. ನೀರಿಗೂ ಹೋಗಲ್ಲ, ಸೋಪಿಗೂ ಹೋಗಲ್ಲ. ಏನ್ಮಾಡ್ತಾರೆ?"

"ಬೆಣ್ಣೆ ಹಚ್ಚಿ ಉಜ್ತಾರೆ," ಎಂದಳು ರೋನಾ. "ಅಪ್ಪ ಗುಡಿಸಲಲ್ಲಿ ಡಬ್ಬಿ ಇಟ್ಟಿದ್ರು."

"ಮರದ ಮೇಲಲ್ಲ, ಗುಡಿಸಲಲ್ಲಿ. ಮೇಲಿಂದ ಬಿದ್ದು ಸತ್ತವನ ಕೈ ಕಪ್ಪಾಗಿರ್ಬೇಕಿತ್ತು. ನಿಮ್ಮಪ್ಪಂದು ಶುಭ್ರವಾಗಿತ್ತು, ಬೆಣ್ಣೆ ವಾಸನೆ ಇತ್ತು. ನಿನ್ನ ಗಂಟು ಅವನ್ನ ಕ್ಷೇಮವಾಗಿ ಕೆಳಗಿಳಿಸ್ತು ಕಣೇ. ಅವನು ಗುಡಿಸಲಿಗೆ ನಡ್ಕೊಂಡು ಬಂದು ಕೈ ಒರೆಸ್ಕೊಂಡ. ಸತ್ತಿದ್ದು ಅಲ್ಲಿ."

ರೋನಾ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇನ್ನು ಕಾಯಿಗಳು. ಮರದಿಂದ ಕಿತ್ತ ಕಾಯಿ ಮುಚ್ಚಿರತ್ತೆ, ಒಳಗೆ ಬೀಜ ಇರತ್ತೆ. ಒಲೆ ಮೇಲೆ ಒಣಗಿಸಿದ್ರೆ ಅರಳಿ ಬೀಜ ಉದುರತ್ತೆ. ಆಮೇಲೆ ನೆನೆದ್ರೆ ಮತ್ತೆ ಮುಚ್ಕೊಳತ್ತೆ, ಹೊಸದರ ಥರಾನೇ. ಈ ಚೀಲದ ಕಾಯಿಗಳಲ್ಲಿ ಒಂದು ಬೀಜಾನೂ ಇಲ್ಲ. ಯಾರೋ ಬೀಜ ತೆಗೆದ್ಮೇಲೆ ಇವನ್ನ ಹೆಣದ ಪಕ್ಕ ಇಟ್ಟಿದಾರೆ."

"ಗ್ರೆಗರ್ ಹಳೇ ಕಾಯಿ ಕಿತ್ತಿರ್ಬೋದಲ್ಲ ಎಫಿ," ಎಂದ ಮನ್ರೋ ಮೆಲ್ಲಗೆ.

"ಹಳೇವು ಬೂದಿ ಬಣ್ಣ, ಇವು ಕಂದು ಅಂತ ನಿಂಗೆ ನಾನು ಹೇಳ್ಬೇಕಾ ಮನ್ರೋ? ಕೆರ್, ಅದನ್ನ ಕೊಡಪ್ಪ."

ಕೆರ್ ಒಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟ. ಗುಡಿಸಲಿನ ಕಪಾಟಿನಲ್ಲಿ ಸಿಕ್ಕಿದ್ದು. ಮನ್ರೋನ ದುಂಡು ಅಕ್ಷರದಲ್ಲಿ ಮರದ ಹೆಸರು, ದಿನಾಂಕ ಬರೆದಿತ್ತು: ಉತ್ತರ ದಿಬ್ಬದ ಮುದಿ ಪೈನ್, ಮೊನ್ನೆ ಭಾನುವಾರದ್ದು.

"ಭಾನುವಾರ ನಾವೆಲ್ಲ ಗ್ರೆಗರ್ ಯಾವ ಮರ ಹತ್ತಿದ ಅಂತ ಗೊತ್ತಿಲ್ದೆ ಮಳೇಲಿ ಅಲೀತಿದ್ವಿ," ಎಂದರು ಎಫಿ. "ನೀನು ಅದೇ ಮರದ ಬೀಜ ಪೊಟ್ಟಣ ಕಟ್ತಿದ್ದೆ. ಕಾಯಿ ಇಲ್ಲದ ವರ್ಷ ದಕ್ಷಿಣದ ತೋಪಿನ ಬೀಜ ಬೆರೆಸಿ ಈ ಕಾಡಿಂದೇ ಅಂತ ಕೊಳ್ಳೋರಿಗೆ ಕಳಿಸ್ತಿದ್ದೆ, ಅದರ ರಸೀದಿನೂ ಅಲ್ಲೇ ಸಿಕ್ತು. ಗ್ರೆಗರ್ ಕಂಡುಹಿಡಿದ."

ಮನ್ರೋ ಪೊಟ್ಟಣವನ್ನೇ ನೋಡುತ್ತಿದ್ದ. ಅವನ ಮುಖ ಒಮ್ಮೆಲೇ ಮುದಿಯಾಯಿತು.

"ಊರಿಗೆಲ್ಲ ಹೇಳ್ತೀನಿ ಅಂದ," ಎಂದ. "ಮೂವತ್ತು ವರ್ಷದ ಹೆಸರು ನಂದು. ತಳ್ಳಿದೆ. ಒಲೆ ಮೂಲೆಗೆ ತಲೆ ಬಡೀತು. ಗಾಡೀಲಿ ಹಾಕ್ಕೊಂಡು ಹೋಗಿ ಅಲ್ಲಿ ಮಲಗಿಸ್ದೆ, ಗಂಟು ಬಿಚ್ಚಿ ಹಗ್ಗ ಕೊಂಬೆಗೆ ಎಸ್ದೆ. ಬೀಜ... ಆ ಮರ ಆರೇಳು ವರ್ಷಕ್ಕೊಮ್ಮೆ ಕಾಯಿ ಬಿಡತ್ತೆ. ಹಾಳಾಗಕ್ಕೆ ಬಿಡೋಕೆ ಮನಸ್ಸು ಬರ್ಲಿಲ್ಲ."

ಡೂಗಲನಿಗೆ ಇಂಥವನ ಕೈಯಿಂದ ವರ್ಷಗಟ್ಟಲೆ ಚಹಾ ಕುಡಿದೆನಲ್ಲ ಎಂದು ಹೇಸಿಗೆಯಾಯಿತು.

ರೋನಾ ಎದ್ದು ಮನ್ರೋನ ಎದುರು ನಿಂತಳು.

"ಬೀಜ ಹಾಳಾಗ್ಬಾರ್ದು ಅಂತ ಒಣಗಿಸಿ, ಹೆಸರು ಬರೆದು ಎತ್ತಿಟ್ರಿ," ಎಂದಳು. "ನನ್ನನ್ನ?"

ಕೆರ್ ಮನ್ರೋನ ತೋಳು ಹಿಡಿದು ಮಳೆಯೊಳಗೆ ನಡೆಸಿಕೊಂಡು ಹೋದ.

ರೋನಾ ಎಫಿಯವರ ಪಕ್ಕದಲ್ಲಿ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ದಿನ ತನ್ನ ತಪ್ಪಿಗಾಗಿ ಅತ್ತಿದ್ದವಳು, ಈಗ ಮೊದಲ ಸಲ ಅಪ್ಪನಿಗಾಗಿ ಅಳುತ್ತಿದ್ದಳು.