ಆಯಿಯ ಮುಚ್ಚಳ ಮತ್ತು ಹೊಗೆ ಇಲ್ಲದ ಆಟೋ

“ನನ್ನ ಜರ್ಮನ್ ಬೋಗುಣಿ ಮುಚ್ಚಳ ಯಾರು ಮುಟ್ಟೀರಿ?”

ಬಸವಕಲ್ಯಾಣದ ಆ ಓಣಿಯಲ್ಲಿ ಅಂದು ಕೋಳಿಗಿಂತ ಮೊದಲು ಕೂಗಿದ್ದು ಸೂಗಮ್ಮ ಆಯಿ. ಅಲ್ಯುಮಿನಿಯಂ ಪಾತ್ರೆಗೆ ಆಯಿಯ ಬಾಯಲ್ಲಿ ‘ಜರ್ಮನ್’ ಎಂದೇ ಹೆಸರು. ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ ರೊಟ್ಟಿ ಬೇಯುತ್ತಿತ್ತು. ಹೊಗೆಗೆ ಆಯಿಯ ಕಣ್ಣಲ್ಲಿ ಬಳಬಳ ನೀರು. ಬಾಯಿಗೆ ಮಾತ್ರ ಬಿಡುವಿರಲಿಲ್ಲ.

“ನಾ ನೋಡಿಲ್ಲ ಆಯಿ!” ಎಂದಳು ಮೊಮ್ಮಗಳು ಸ್ನೇಹಲ್.

ನೋಡದೇ ಏನು? ಮುಚ್ಚಳ ಅವಳ ಬ್ಯಾಗಿನಲ್ಲೇ ಬೆಚ್ಚಗೆ ಕೂತಿತ್ತು!

“ಇಲ್ಲಿ ನಿಲ್ಲಬ್ಯಾಡ, ಹೊಗಿ ಕಣ್ಣಾಗ ಹೋಗ್ತದ. ತಗೋ, ರೊಟ್ಟಿ ಗಂಟು. ಜೀಶಾನಗೂ ಕೊಡು,” ಎಂದಳು ಆಯಿ. ಸ್ನೇಹಲ್‌ಗೆ ಒಳಗೊಳಗೇ ಪಿಚ್ಚೆನಿಸಿತು. ಆದರೂ ಗಂಟು ಹಿಡಿದು ಓಡಿಬಿಟ್ಟಳು.

ಇವತ್ತು ಹುಮನಾಬಾದಿನಲ್ಲಿ ಸೈನ್ಸ್ ಪ್ರದರ್ಶನ. ಸ್ನೇಹಲ್ ಮತ್ತು ಅವಳ ಕ್ಲಾಸಿನ ಜೀಶಾನ್ ಸೇರಿ ಒಂದು ಪುಟ್ಟ ಆಟೋ ಮಾಡಿದ್ದರು. ಅದಕ್ಕೆ ಪೆಟ್ರೋಲ್ ಬೇಡ. ಬಾಟಲಿಯ ನೀರಿಗೆ ಅಲ್ಯುಮಿನಿಯಂ ಚೂರು ಬಿದ್ದರೆ ಗುಳುಗುಳು ಎಂದು ಹೈಡ್ರೋಜನ್ ಬರುತ್ತದೆ. ಅದು ಒಂದು ಡಬ್ಬಿಯೊಳಗೆ ಹೋಗಿ ಕರೆಂಟ್ ಆಗುತ್ತದೆ, ಆಟೋ ಓಡುತ್ತದೆ. ಚಾರ್ಟಿನ ಮೇಲೆ ಸ್ನೇಹಲ್ ದಪ್ಪ ಅಕ್ಷರದಲ್ಲಿ ಬರೆದಿದ್ದಳು: ‘ಹೊಗೆ ಇಲ್ಲವೇ ಇಲ್ಲ!’

ಆದರೆ ಪ್ರಾಕ್ಟೀಸ್ ಮಾಡಿ ಮಾಡಿ ಮನೆಯ ಅಲ್ಯುಮಿನಿಯಂ ಫಾಯಿಲ್ ಎಲ್ಲ ಖಾಲಿಯಾಗುತ್ತ ಬಂದಿತ್ತು. ಕಡಿಮೆ ಬಿದ್ದರೆ? ಅದಕ್ಕೇ ಆಯಿಯ ಮುಚ್ಚಳ.

ಹುಮನಾಬಾದಿನಲ್ಲಿ ಅವರ ಸೈನ್ಸ್ ಮಾಸ್ತರು ಸತೀಶಕುಮಾರ ಸರ್ ಕನ್ನಡಕ, ಗ್ಲೌಸ್ ಹಾಕಿಕೊಂಡು ನಿಂತರು. ಆ ನೀರಿನಲ್ಲಿ ಮೈ ಸುಡುವಂಥ ಕ್ಷಾರ ಬೆರೆತಿತ್ತು, ಹಾಗಾಗಿ ಬಾಟಲಿ ಮುಟ್ಟುವವರು ಅವರೊಬ್ಬರೇ. ಆಟೋ ಮೇಜಿನ ಈ ತುದಿಯಿಂದ ಆ ತುದಿಗೆ ಸರ್ರನೆ ಓಡಿತು.

“ಇನ್ನೊಮ್ಮೆ! ಇನ್ನೊಮ್ಮೆ!” ಹುಡುಗರ ಗುಂಪೇ ಮುಗಿಬಿತ್ತು.

ಇನ್ನೊಮ್ಮೆ, ಮತ್ತೊಮ್ಮೆ ಎನ್ನುತ್ತ ಫಾಯಿಲ್ ಪೂರಾ ಮುಗಿಯಿತು. ಜಡ್ಜ್ ಮೇಡಂ ಇನ್ನೂ ಬಂದೇ ಇಲ್ಲ!

“ಅರೆ ಯಾರ್, ಈಗ ಹ್ಯಾಂಗ?” ಎಂದು ಜೀಶಾನ್ ತಲೆ ಮೇಲೆ ಕೈ ಹೊತ್ತ.

ಸ್ನೇಹಲ್ ಮೆಲ್ಲಗೆ ಮುಚ್ಚಳ ತೆಗೆದಳು. “ಇದನ್ನ ಕತ್ತರಿಸು.”

ಮುಂದೆ ನಿಂತಿದ್ದ ಮೀನಾಜ್ ಎಂಬ ಪುಟ್ಟ ಹುಡುಗಿ ಬಾಟಲಿಯ ತಳಕ್ಕೆ ಬೆರಳು ತೋರಿಸಿದಳು. ಅಲ್ಲಿ ಫಾಯಿಲ್ ಕರಗಿ ಉಳಿದ ಬೂದುಬಣ್ಣದ ರಾಡಿ ಕೂತಿತ್ತು.

“ಅಕ್ಕಾ, ಈ ರಾಡಿ ಮತ್ತ ಮುಚ್ಚಳ ಆಗ್ತದೇನು?”

ಸ್ನೇಹಲ್ ಸರ್ ಮುಖ ನೋಡಿದಳು.

“ಆಗ್ತದ. ಆದ್ರ ಪುಕ್ಕಟ ಅಲ್ಲ,” ಎಂದರು ಸರ್. “ನೆಲಾ ಅಗದು, ಕಲ್ಲು ತಂದು, ಅದರಾಗಿಂದ ಅಲ್ಯುಮಿನಿಯಂ ತೆಗೀಲಿಕ್ಕ ರಾಶಿ ಕರೆಂಟ್ ಬೇಕು. ಈ ರಾಡಿಗೂ ಹಂಗೇ. ಹಳೆ ಮುಚ್ಚಳಾ ಕರಗಿಸಿ ಹೊಸದು ಮಾಡಾಕಾದ್ರ ಸ್ವಲ್ಪ ಸಾಕು.”

“ಅಷ್ಟು ಕರೆಂಟ್ ಎಲ್ಲಿಂದ ಬರ್ತದ್ರಿ?” ಸ್ನೇಹಲ್ ಕೇಳಿದಳು.

“ನಮ್ಮ ದೇಶದಾಗ ಹೆಚ್ಚಾಗಿ ಕಲ್ಲಿದ್ದಲು ಸುಟ್ಟು.”

“ಸುಟ್ರ ಹೊಗಿ ಬರೂದಿಲ್ಲೇನ್ರಿ?” ಮೀನಾಜ್ ಚಾರ್ಟನ್ನೇ ನೋಡುತ್ತ ಕೇಳಿದಳು.

ಜೀಶಾನ್ ಅಷ್ಟರಲ್ಲಿ ಗಂಟು ಬಿಚ್ಚಿ ರೊಟ್ಟಿ ಮುರಿದಿದ್ದ. ಚಿಂತೆ ಹತ್ತಿದರೆ ಅವನಿಗೆ ಮೊದಲು ಹಸಿವಾಗುತ್ತದೆ.

“ನಿಮ್ಮ ಆಯಿ ರೊಟ್ಟಿ ಅಂದ್ರ ಒಂದ್ ನಂಬರ್!”

ಸ್ನೇಹಲ್ ರೊಟ್ಟಿಯನ್ನೇ ನೋಡಿದಳು. ಈ ಮೇಜಿನ ಮೇಲೆ ರೊಟ್ಟಿಗೂ ಹೊಗೆ ಇರಲಿಲ್ಲ. ಹೊಗೆಯೆಲ್ಲ ಹಿತ್ತಲಲ್ಲಿ, ಆಯಿಯ ಕಣ್ಣಲ್ಲಿ ಉಳಿದಿತ್ತು.

“ಜೀಶಾನ್, ಕತ್ತರಿ ಕೆಳಗ ಇಡು.”

“ಹುಚ್ಚು ಹಿಡದದೇನು? ಜಡ್ಜ್ ಬರಾಕತ್ತಾರ!”

“ಬರ್ಲಿ.”

ಸ್ನೇಹಲ್ ಸ್ಕೆಚ್ ಪೆನ್ ತೆಗೆದು ಚಾರ್ಟಿನ ಸಾಲಿಗೆ ಗೀಟು ಹೊಡೆದಳು. ಕೆಳಗೆ ಅವಸರದಲ್ಲಿ ಬರೆದಳು: ‘ಇಲ್ಲಿ ಹೊಗೆ ಇಲ್ಲ. ಅಲ್ಯುಮಿನಿಯಂ ಮಾಡುವಲ್ಲಿ ಬಹಳ ಇದೆ.’

ಜಡ್ಜ್ ಮೇಡಂ ಬಂದು ಅದನ್ನು ಎರಡು ಸಲ ಓದಿದರು. “ಓಡಿಸಿ ತೋರಸ್ರಿ.”

“ಆಗಳೇ ಓಡ್ತ್ರಿ. ಈಗ ಅಲ್ಯುಮಿನಿಯಂ ಮುಗದದ.”

“ಮತ್ತ ಆ ಮುಚ್ಚಳ?”

“ಅದು ನಮ್ಮ ಆಯೀದ್ರಿ,” ಎಂದು ಸ್ನೇಹಲ್ ಅದನ್ನು ಎದೆಗವಚಿಕೊಂಡಳು. ಮೇಡಂ ಫಕ್ಕನೆ ನಕ್ಕರು.

ಬಹುಮಾನ ಮಾತ್ರ ಜ್ವಾಲಾಮುಖಿಯ ಮಾದರಿ ಮಾಡಿದವರಿಗೆ ಹೋಯಿತು. ಮರಳುವ ಬಸ್ಸು ದಾರಿಯ ರಾಜೇಶ್ವರ ಊರು ದಾಟುವವರೆಗೂ ಜೀಶಾನ್ ಮುಖ ಊದಿಸಿಕೊಂಡು ಕಿಟಕಿ ಕಡೆ ತಿರುಗಿ ಕೂತಿದ್ದ. ಆಮೇಲೆ ಕೇಳಿದ, “ರೊಟ್ಟಿ ಇನ್ನೂ ಅದಾವೇನು?”

ಸಂಜೆ ಆಯಿ ಮತ್ತೆ ಒಲೆ ಮುಂದಿದ್ದಳು. ಸ್ನೇಹಲ್ ಮುಚ್ಚಳ ತಂದು ಮುಂದಿಟ್ಟಳು.

“ಎಲಾ ಕಳ್ಳಿ! ಓಣಿ ತುಂಬಾ ಬೈದು ಬಂದೀನಲ್ಲೇ! ಈಗ ಅವರ ಮಾರಿ ಹ್ಯಾಂಗ ನೋಡ್ಲಿ?”

“ತಪ್ಪಾತು ಆಯಿ,” ಎಂದಳು ಸ್ನೇಹಲ್. ಒಲೆಯ ಬಳಿಯಿದ್ದ ಊದುಗೊಳವೆ ಕೈಗೆ ತೆಗೆದುಕೊಂಡಳು.

“ಈ ಕಡಿ ಬರಬ್ಯಾಡ, ಹೊಗಿ ಬರ್ತದ.”

“ಗೊತ್ತದ. ನೀ ಸ್ವಲ್ಪ ಆ ಕಡಿ ಸರಿ,” ಎಂದು ಸ್ನೇಹಲ್ ಆಯಿಯ ಜಾಗದಲ್ಲಿ ಕೂತಳು.