ಬೆಳಗಿನ ಗುಂಡಿ

"ಅಯ್ಯೋ, ಬಿಡಿ!"

ಅಷ್ಟೇ ನಾನಂದದ್ದು. ಕಾದ ಇಸ್ತ್ರಿಪೆಟ್ಟಿಗೆಯನ್ನೇ ಮುಟ್ಟಿದವರಂತೆ ಅವರು ನನ್ನ ಕೈ ಬಿಟ್ಟುಬಿಟ್ಟರು.

ಬೆಳಗಿನ ಒಂಬತ್ತು ಗಂಟೆ. ಹೊಲಿಗೆ ಅಂಗಡಿಯಲ್ಲಿ ನಾವಿಬ್ಬರೇ, ಕಿಟಕಿ ಪಕ್ಕ ಹೊಲಿಯುವ ನಾನು, ಎದುರಿನ ಮೇಜಿನಲ್ಲಿ ಇಸ್ತ್ರಿಯವರು. ಒಂಟಿ ನಾನು, ಒಂಟಿ ಅವರು. "ಟೇಲರಮ್ಮಾ, ಈ ಕೈ ಹಿಡೀಬೇಕು ಅಂತ ಬಹಳ ದಿನದ ಆಸೆ" ಎಂದು ನನ್ನ ಬೆರಳುಗಳನ್ನು ಮುಷ್ಟಿಯಲ್ಲಿ ತೆಗೆದುಕೊಂಡು ಮೆಲ್ಲಗೆ ಒತ್ತಿದ್ದರು. ನಲವತ್ತೆರಡರ ಜೀವ ಒಂದು ಗಳಿಗೆ ಹೂವಾಯಿತು. ಮರುಗಳಿಗೆ ಗೆಣ್ಣುಗಳಲ್ಲಿ ಸೂಜಿ ಮುರಿದಂತೆ ನೋವು.

"ತಪ್ಪಾಯ್ತು" ಎಂದು ಅವರು ತಮ್ಮ ಮೇಜಿಗೆ ಮರಳಿದರು. ನಾನು ತಿದ್ದಲಿಲ್ಲ.

ಹೇಗೆ ತಿದ್ದಲಿ? ಹಿಂದಿನ ವಾರವಷ್ಟೇ ಡಾಕ್ಟರು ರಕ್ತಪರೀಕ್ಷೆಯ ಕಾಗದ ನೋಡಿ, ರುಮಟಾಯ್ಡ್ ಆರ್ಥ್ರೈಟಿಸ್, ಬೆಳಗಿನ ಹೊತ್ತು ಬೆರಳು ಬಿಗಿಯುವ ಕೀಲುವಾತ, ಎಂದಿದ್ದರು. ಪೂರ್ತಿ ಹೋಗುವುದಲ್ಲ, ಮಾತ್ರೆಯಿಂದ ಹತೋಟಿಗೆ ಬರುತ್ತದೆ, ಸಮಯ ಬೇಕು. "ಏನು ಮಾಡೋಕಾದ್ರೆ ನೀವು ಆರೋಗ್ಯವಾಗಿದ್ದೀರಿ ಅನ್ನಿಸುತ್ತೆ?" ಎಂದು ಕೇಳಿದರು. ದೊಡ್ಡದೇನೂ ಹೊಳೆಯಲಿಲ್ಲ. "ಬೆಳಿಗ್ಗೆ ನನ್ನ ಬಟ್ಟೆ ಗುಂಡಿ ನಾನೇ ಹಾಕ್ಕೋಬೇಕು" ಎಂದೆ.

ಊರಿನವರಿಗೆಲ್ಲ ಗುಂಡಿ ಹಚ್ಚುವ ನನಗೆ ಈಗ ಅತ್ತಿಗೆ ಗುಂಡಿ ಹಾಕಿಕೊಡುತ್ತಿದ್ದರು. "ನೆಟ್ಟಗೆ ನಿಂತ್ಕೊಳೇ. ಹಾಗೇ ಸ್ಕೂಲಿಗೂ ಬಿಟ್ಟು ಬರ್ಲಾ?" ಎಂದು ನಗಿಸುತ್ತಿದ್ದರು. "ಇಸ್ತ್ರಿಯವರಿಗೆ ಹೇಳೇ" ಎಂದರೆ ಮಾತ್ರ ನಾನು ಗೋಡೆ ನೋಡುತ್ತಿದ್ದೆ. ನಾನು ಒಲ್ಲೆ ಎಂದೆನೆಂದೇ ಅವರು ತಿಳಿಯಲಿ, ಗಟ್ಟಿ ಕೈಯವಳು ಯಾರಾದರೂ ಸಿಗುತ್ತಾಳೆ, ಒಳ್ಳೆಯದೇ ಆಯಿತು.

ಒಳ್ಳೆಯದೇನೂ ಆಗಲಿಲ್ಲ. ದಿನಾ ಬಾಗಿಲಲ್ಲೇ "ಹುಷಾರಾ, ಟೇಲರಮ್ಮಾ?" ಎನ್ನುತ್ತಿದ್ದವರು ಕೇಳುವುದನ್ನೇ ಬಿಟ್ಟರು. ಮೂರು ವಾರ. ಹಬೆಯ ಹಿಂದೆ ಅವರ ಹಣೆ, ಕಿವಿಯ ಬಳಿಯ ನರೆ, ಕಾಲರು ಬಿಡಿಸುವ ಬೆರಳು, ಎಲ್ಲವನ್ನೂ ಕದ್ದು ನೋಡುತ್ತಿದ್ದೆ. ಅವರು ತಲೆಯೆತ್ತಿದರೆ ದಾರ ಪೋಣಿಸುವವಳಂತೆ ಕಣ್ಣು ಕಿರಿದು ಮಾಡುತ್ತಿದ್ದೆ. ಸೂಜಿಯಲ್ಲಿ ದಾರ ಮೊದಲೇ ಇರುತ್ತಿತ್ತು.

ಒಂದು ಬೆಳಿಗ್ಗೆ ಅವರು ಎರಡು ಅಂಗಿ ತಂದು ನನ್ನೆದುರು ಹಾಸಿದರು.

"ಇದು ಬೆಳಿಗ್ಗೆ ಗುಂಡಿ ಹಚ್ಚಿದ್ದು, ಇದು ಮಧ್ಯಾಹ್ನ. ಹೌದಾ?"

"ನಿಮಗೆ ಹೇಗೆ ಗೊತ್ತು?"

"ಬೆಳಗಿನ ಗುಂಡಿ ಸಡಿಲ, ಇಸ್ತ್ರಿ ತುದಿ ತಾಗಿದ್ರೆ ಓಲಾಡುತ್ತೆ. ಮಧ್ಯಾಹ್ನದ್ದು ಕಲ್ಲು. ದಿನಾ ಹೀಗೇ." ಸಡಿಲ ಗುಂಡಿಯ ಮೇಲೆ ಬೆರಳಿಟ್ಟರು. "ನಾನು ಕೈ ಹಿಡಿದಿದ್ದೂ ಬೆಳಿಗ್ಗೇನೇ. ಆವತ್ತು ಬಿಡಿ ಅಂದಿದ್ದು ನನಗಾ, ನೋವಿಗಾ?"

ಕಣ್ಣು ತುಂಬಿ ಬಂತು. ಡಾಕ್ಟರು, ಮಾತ್ರೆ, ಅತ್ತಿಗೆ ಹಾಕುವ ಗುಂಡಿ, ಎಲ್ಲ ಹೇಳಿಬಿಟ್ಟೆ. ಕೊನೆಗೆ, "ಹುಷಾರಾಗಿರೋಳನ್ನ ನೋಡ್ಕೊಳ್ಳಿ" ಎಂದೆ.

"ನಮ್ಮ ಕಸುಬಲ್ಲಿ ಹುಷಾರು ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ, ಟೇಲರಮ್ಮಾ. ಬಿಸಿ ಇದೆ, ನೋಡ್ಕೊಂಡು ಮುಟ್ಟು ಅಂತ. ಇಪ್ಪತ್ತು ವರ್ಷದಲ್ಲಿ ಒಂದು ರೇಷ್ಮೆ ಸುಟ್ಟಿಲ್ಲ ನಾನು."

"ನಾನೇನು ರೇಷ್ಮೆನಾ?"

"ಎಲ್ಲಿ ಬಂತು! ಬರೀ ಸುಕ್ಕು."

ಅಳುವಿನ ನಡುವೆಯೇ ನಗು ಬಂತು. ಅವರು ಒಂದು ಮೆತ್ತನೆಯ ಬಟ್ಟೆಯನ್ನು ಹದವಾಗಿ ಬಿಸಿ ಮಾಡಿ, ಕೆನ್ನೆಗೆ ತಾಗಿಸಿ ನೋಡಿದರು. ಮೇಜಿನ ಮೇಲೆ ಅಂಗೈ ಚಾಚಿ, ಅದರ ಮೇಲೆ ಬಟ್ಟೆ ಹಾಸಿಕೊಂಡರು.

"ನಾನು ಹಿಡಿಯಲ್ಲ. ಇಡೋದಾದ್ರೆ ನೀವೇ ಇಡಿ."

ಗಂಟೆ ಒಂಬತ್ತೂಕಾಲು, ಬೆರಳು ಇನ್ನೂ ಬಿಚ್ಚಿಕೊಳ್ಳದ ಹೊತ್ತು. ಮಧ್ಯಾಹ್ನದವರೆಗೆ ಕಾಯಬಹುದಿತ್ತು. ಕಾಯಲಿಲ್ಲ. ಅರ್ಧ ಮಡಚಿದ ಕೈಯನ್ನು ಹಾಗೆಯೇ ಇಟ್ಟೆ. ಬಟ್ಟೆಯ ಬಿಸಿ ಯಾವುದು, ಅಂಗೈಯ ಬಿಸಿ ಯಾವುದು, ತಿಳಿಯಲಿಲ್ಲ.

"ಹುಷಾರಾ?" ಎಂದರು.

"ಹುಷಾರು" ಎಂದೆ.

ಯಾವ ಅರ್ಥದಲ್ಲಿ ಎಂದು ಅವರು ಕೇಳಲಿಲ್ಲ.