ಹಕ್ಕಿ ಕುಕ್ಕಿದ ಮರಸೇಬು

ಬೆಟ್ಟಗಳು ಇನ್ನೂ ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಿದ್ದ ಕಾಲದಲ್ಲಿ ಇಬ್ಬನಿನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿ ಮನೆಮನೆಗೂ ಮರಸೇಬಿನ ಮರ. ಕೆಲವರು ಬೇರಿಕಾಯಿ ಅಂತಾರಲ್ಲ, ಅದೇ. ಅದು ಬಿಳಿ ಹೂ ಬಿಟ್ಟಿತೆಂದರೆ ಮೋಡವೇ ಇಳಿದು ಹಿತ್ತಲಲ್ಲಿ ಕೂತಂತೆ ಕಾಣುತ್ತಿತ್ತು.

ಆ ನಾಡಿನವರಿಗೆ ಒಂದು ವಿಚಿತ್ರ ಮಡಿ. ಹಕ್ಕಿ ಕುಕ್ಕಿದ ಹಣ್ಣನ್ನು ಅವರು ಎಂಜಲೆಂದು ಬಿಸಾಡುತ್ತಿದ್ದರು. ಹಕ್ಕಿಯೋ ಅಳಿಲೋ ಮರದ ಹತ್ತಿರ ಸುಳಿದರೆ ಕವಣೆಯಿಂದ ಕಲ್ಲು ಬೀಸುತ್ತಿದ್ದರು. ಹೆಂಗಸರೂ ಸೊಂಟಕ್ಕೆ ಕವಣೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು. ಅವರ ರಾಜ ಕೇತರಸನಂತೂ ಎಲ್ಲರಿಗಿಂತ ಒಂದು ಕೈ ಮೇಲು. ಹಣ್ಣಿನ ಮೇಲೆ ಚಿಕ್ಕ ಗೀರು ಕಂಡರೂ ಅವನಿಗೆ ಊಟ ಸೇರದು.

ಮಸಣಯ್ಯನೆಂಬ ಮಾಟಗಾರ ಬಂದು ಹೇಳಿದ, "ಮಹಾಪ್ರಭು, ತೋಟಗಳಿಗೆಲ್ಲ ಮಂಜಿನ ಎಳೆಯಿಂದ ಬೇಲಿ ನೇಯುತ್ತೇನೆ. ಒಂದು ನೊಣವೂ ನುಸುಳದು. ಬಾಗಿಲಿನಿಂದ ಹೋಗಿಬರುವವರಿಗೆ ಭಯವಿಲ್ಲ. ಬೇಲಿಯೊಳಗೆ ಕೈ ತೂರಿಸಿದ ಮನುಷ್ಯ ಮಾತ್ರ ಮೃಗವಾಗಿ ನನ್ನ ಕಾಡಿಗೆ ಸೇರಬೇಕು. ನನಗೆ ಅಷ್ಟೇ ಸಾಕು."

ರಾಜ ಹೂಂ ಅಂದುಬಿಟ್ಟ. ರಾಜರಿಗೆ ಹೂಂ ಅನ್ನುವುದು ಎಷ್ಟು ಸುಲಭ ನೋಡಿ.

ಬೇಲಿ ಎದ್ದಿತು, ಮುಗಿಲಿನವರೆಗೂ ಎದ್ದಿತು. ಮರುವರ್ಷ ಮರಗಳು ಹೂ ಬಿಟ್ಟವು, ಹೂವು ಉದುರಿತು, ಒಂದು ಕಾಯಿಯೂ ಕಚ್ಚಲಿಲ್ಲ. ಜನ ಗೊಬ್ಬರ ಹಾಕಿದರು, ಮರಕ್ಕೆ ಅರಿಸಿನ ಕುಂಕುಮ ಹಚ್ಚಿದರು. ಬೇಲಿಯಾಚೆ ದುಂಬಿ, ಜೇನು ಗುಂಯ್‌ಗುಟ್ಟುತ್ತ ಕಾದಿದ್ದವು. ಅತ್ತ ಯಾರೂ ತಿರುಗಿ ನೋಡಲಿಲ್ಲ.

ಆ ನಾಡಿನ ಅಂಚಿನಲ್ಲಿ ಚಂದಲೆ ಮತ್ತು ಅವಳ ಗಂಡ ಸಾಂತಯ್ಯ ಇದ್ದರು. ಸಾಂತಯ್ಯ ಎಂಥವನೆಂದರೆ, ಯಾವ ಮದುವೆಮನೆಗೆ ಹೋದರೂ ಕೊನೆಯ ಪಂಕ್ತಿಯಲ್ಲೇ ಊಟಕ್ಕೆ ಕೂರುವವನು. ಅಷ್ಟು ಹೊತ್ತಿಗೆ ಪಾಯಸ ಮುಗಿದು ಪಾತ್ರೆಯ ತಳ ಕೆರೆಯುತ್ತಿರುತ್ತಿದ್ದರು. "ಎಲ್ಲರೂ ಉಂಡರಲ್ಲ, ಸಾಕು ಕಣೇ" ಅನ್ನುತ್ತಿದ್ದ. ಚಂದಲೆಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ಪಿಕಳಾರ ಹಕ್ಕಿಯೊಂದು ಬೇಲಿಯ ಎಳೆಗೆ ಸಿಕ್ಕಿ ಒದ್ದಾಡುತ್ತಿತ್ತು. ಸಾಂತಯ್ಯ ಹಿಂದೆಮುಂದೆ ನೋಡದೆ ಕೈ ಹಾಕಿ ಅದನ್ನು ಬಿಡಿಸಿದ. ಹಕ್ಕಿ ಹಾರಿತು. ಮಂಜು ಮುಸುಕಿತು. ಚಂದಲೆ ಓಡಿಬಂದಾಗ ಅಲ್ಲಿ ಗಂಡನಿರಲಿಲ್ಲ. ಯಾವುದೋ ಪ್ರಾಣಿ ಪೊದೆ ಮುರಿದುಕೊಂಡು ಕಾಡಿಗೆ ಓಡಿದ ಸದ್ದು ಮಾತ್ರ ಕೇಳಿತು. ಅದು ಯಾವ ಪ್ರಾಣಿಯೋ, ಅವಳಿಗೆ ಕಾಣಲಿಲ್ಲ.

ಅವಳು ಮಸಣಯ್ಯನ ಬಾಗಿಲಿಗೆ ಹೋಗಿ ನಿಂತಳು. "ಅಯ್ಯಾ, ನನ್ನ ಗಂಡನನ್ನು ಮನುಷ್ಯನನ್ನಾಗಿ ಮಾಡು."

ಮಸಣಯ್ಯ ನಕ್ಕ. "ನೀನೇ ನೆಟ್ಟ ಮರದ ಮರಸೇಬನ್ನು ನಿನ್ನ ಕೈಯಾರೆ ತಿನ್ನಿಸು, ಆಗುತ್ತಾನೆ. ಆದರೆ ನನ್ನ ಬೇಲಿಯೊಳಗೆ ಹಣ್ಣಿಲ್ಲ, ಬೇಲಿಯಿಲ್ಲದ ಕಡೆ ಪ್ರಾಣಿಗಳು ಬಿಡುವುದಿಲ್ಲ. ಹೋಗಮ್ಮ, ನೆಡು ಹೋಗು."

ಚಂದಲೆ ಮನೆಯ ಮೂಲೆಯಲ್ಲಿದ್ದ ಹಳೆಯ ಒಣಹಣ್ಣಿನಿಂದ ಬೀಜ ತೆಗೆದು, ಬೇಲಿಯಾಚೆ, ಅದರ ಮಗ್ಗುಲಲ್ಲೇ ಇದ್ದ ಬಂಡೆಗಳ ನಡುವೆ ನೆಟ್ಟಳು. ಪಕ್ಕದಲ್ಲೇ ಗುಡಿಸಲು ಹಾಕಿಕೊಂಡಳು. ಬೀಜ ಮೊಳೆಯಿತು. ಬೀಜದಿಂದ ಬಂದ ಮರಸೇಬು ಹೂ ಬಿಡಬೇಕಾದರೆ ವರ್ಷಗಳು ಉರುಳಬೇಕು. ಅವಳು ಕಾದಳು.

ಮೊದಲ ಚಳಿಗಾಲಕ್ಕೇ ಮಸಣಯ್ಯ ಬೆಟ್ಟದ ಮೇಲೆ ನಿಂತು ಉಫ್ ಅಂತ ಊದಿದ. ಕಲ್ಲು ಬಿರಿಯುವ ಚಳಿ ಇಳಿಯಿತು. ಚಂದಲೆ ತನ್ನ ಕಂಬಳಿಯನ್ನು ಸಸಿಗೆ ಹೊದಿಸಿ ತಾನು ನಡುಗುತ್ತ ಕೂತಳು. ಕಾಡಿನಿಂದ ಮೊಲಗಳು ಬಂದವು. ಅವಳ ಕೈ ಕವಣೆಗೆ ಹೋಯಿತು. ಆದರೆ ಮೊಲಗಳು ಸಸಿಯನ್ನು ಕಚ್ಚಲಿಲ್ಲ. ಅದರ ಬುಡಕ್ಕೆ ಸುತ್ತ ಒತ್ತೊತ್ತಾಗಿ ಮಲಗಿದವು, ಎರಡು ಬಂದು ಅವಳ ಮಡಿಲಲ್ಲೂ ಮಲಗಿದವು. ಬೆಳಗಾಗುವಷ್ಟರಲ್ಲಿ ಎಲೆಗಳ ಮೇಲಿನ ಹಿಮ ನೀರಾಗಿ ಇಳಿದಿತ್ತು.

ಮರ ಬೆಳೆಯಿತು. ಅವಳ ತಲೆಯಲ್ಲಿ ಬಿಳಿ ಕೂದಲು ಬಂದವು. ಮರದಲ್ಲಿ ಬಿಳಿ ಹೂ ಬಂದಿತು. ಜೇನು ಬಂದಿತು, ಹೂವಿನಿಂದ ಹೂವಿಗೆ ಹಾರಿತು, ಆದರೂ ಕಾಯಿ ಕಚ್ಚಲಿಲ್ಲ. ಚಂದಲೆ ಮರ ತಬ್ಬಿಕೊಂಡು ಅತ್ತುಬಿಟ್ಟಳು.

ಕೊಂಬೆಯ ಮೇಲೆ ಪಿಕಳಾರ ಬಂದು ಕೂತಿತು. ಸಾಂತಯ್ಯ ಬಿಡಿಸಿದ ಹಕ್ಕಿಯೇ ಅದು. "ಅಳಬೇಡಕ್ಕ. ಮರಸೇಬು ಒಂಟಿಯಾಗಿ ಕಾಯಿ ಬಿಡದು. ಬೇರೆ ಜಾತಿಯ ಮರಸೇಬಿನ ಹೂವಿನ ಪುಡಿ ಇದಕ್ಕೆ ಸೋಕಬೇಕು. ಕಾಡಿನ ನೆತ್ತಿಯಲ್ಲಿ ಒಂದು ಕಾಡು ಮರಸೇಬಿನ ಮರವಿದೆ. ಅದರ ಹೂಬಿಟ್ಟ ಕೊಂಬೆ ತಾ, ಉಳಿದದ್ದು ಜೇನಿನ ಕೆಲಸ."

ಆ ದಾರಿಯಲ್ಲಿ ಮಸಣಯ್ಯ ಮರೆವಿನ ಮಂಜು ಹರಡಿದ್ದ. ಚಂದಲೆ ಒಳಗೆ ಕಾಲಿಟ್ಟಳು. ತನ್ನ ಊರು ಮರೆತಳು. ತಾಯಿಯ ಮುಖ ಮರೆತಳು. ತನ್ನ ಹೆಸರನ್ನೂ ಮರೆತಳು. ಆ ನಾಡಿನಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ. ಬಾಯಿಗೆ ಬಾರದೆ ಎದೆಯಲ್ಲೇ ಉಳಿದಿದ್ದ ಆ ಹೆಸರೊಂದನ್ನು ಮಂಜಿಗೆ ಅಳಿಸಲಾಗಲಿಲ್ಲ. ಅವಳು ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟು ಕರೆದಳು, "ಸಾಂತಯ್ಯ."

ಕರೆದದ್ದೇ ತಡ, ಮಂಜಿನಿಂದ ದೊಡ್ಡ ಕಪ್ಪು ಆಕಾರವೊಂದು ಅವಳತ್ತ ಧಾವಿಸಿತು. ಹೆದರಿದ ಕೈ ಕವಣೆ ಬೀಸಿತು. ಕಲ್ಲು ಕಾಲಿಗೆ ತಗಲಿತು. ಆ ಪ್ರಾಣಿ ಗರ್ಜಿಸಲಿಲ್ಲ, "ಹಾ" ಅಂತ ಮನುಷ್ಯರಂತೆ ನರಳಿ ಕುಂಟುತ್ತ ಹೋಯಿತು. ಮಂಜಿನಾಚೆ ಬಂದು, ನೆನಪೆಲ್ಲ ಮರಳಿದ ಮೇಲೆ, ಚಂದಲೆಗೆ ಆ ನರಳಿಕೆಯ ಅರ್ಥ ಹೊಳೆಯಿತು. ಕವಣೆಯನ್ನು ಅಲ್ಲೇ ಕಂದರಕ್ಕೆ ಎಸೆದಳು. ಆಮೇಲೆ ಎಷ್ಟು ಕೂಗಿದರೂ ಉತ್ತರ ಬರಲಿಲ್ಲ.

ಅವಳು ಹೂಬಿಟ್ಟ ಕೊಂಬೆಗಳನ್ನು ತಂದು ನೀರಿನ ಗಡಿಗೆಯಲ್ಲಿಟ್ಟು ಮರಕ್ಕೆ ತೂಗುಹಾಕಿದಳು. ಒಂದು ಕಡ್ಡಿಯನ್ನು ಮರಕ್ಕೇ ಕಸಿ ಕಟ್ಟಿದಳು. ಜೇನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡಿತು. ಈ ಸಲ ಕಾಯಿ ಕಚ್ಚಿತು.

ಕಾಯಿ ಬಲಿತಾಗ ಮಸಣಯ್ಯ ಅಜ್ಜಿಯ ವೇಷದಲ್ಲಿ ಬಂದ. "ಮಗಳೇ, ಕೀಳಬೇಡ. ಮರದಲ್ಲೇ ಚಿನ್ನದ ಬಣ್ಣಕ್ಕೆ ತಿರುಗಲಿ." ಆ ನಾಡಿನಲ್ಲಿ ಹಣ್ಣು ನೋಡಿಯೇ ಎಷ್ಟೋ ಕಾಲವಾಗಿತ್ತಲ್ಲ, ಕೀಳುವ ಹದವೂ ಜನಕ್ಕೆ ಮರೆತಿತ್ತು. ಅವಳು ನಂಬಿದಳು. ಹಣ್ಣು ಚಿನ್ನದಂತೆ ಹೊಳೆಯಿತು, ಸೀಳಿ ನೋಡಿದರೆ ನಡುವೆಲ್ಲ ಕಪ್ಪಗೆ ಕೊಳೆತಿತ್ತು.

"ಮರಸೇಬು ಒಳಗಿನಿಂದ ಹಣ್ಣಾಗುತ್ತದಕ್ಕ" ಅಂದಿತು ಪಿಕಳಾರ. "ಗಟ್ಟಿಯಿರುವಾಗಲೇ ಕಿತ್ತು ಹುಲ್ಲಿನಲ್ಲಿ ಮಲಗಿಸಬೇಕು."

"ಮೊದಲೇ ಹೇಳೋಕೇನಾಗಿತ್ತು ನಿನಗೆ?"

"ನೀನು ಕೇಳಿದ್ದು ಅಜ್ಜಿಯ ಮಾತನ್ನು."

ಚಂದಲೆಗೆ ಅಳುವಿನಲ್ಲೂ ನಗು ಬಂತು. ಕೊಳೆತ ಹಣ್ಣುಗಳನ್ನು ಮರದಡಿಗೇ ಬಿಟ್ಟಳು. ಚಿಟ್ಟೆಗಳು ಬಂದು ರಸ ಹೀರಿ ಅಮಲೇರಿ ಕೂತವು. ಜಿಂಕೆ ಬಂದಿತು, ಮುಳ್ಳುಹಂದಿ ಬಂದಿತು. ಸಾಂತಯ್ಯನಂತೆಯೇ ಬೇಲಿಗೆ ಕೈ ತೂರಿಸಿ ಮೃಗವಾದವರೂ ಅವುಗಳಲ್ಲಿದ್ದರು. ಕೈಯಾರೆ ಕೊಟ್ಟ ಹಣ್ಣಲ್ಲವಾದ್ದರಿಂದ ಯಾರೂ ಮನುಷ್ಯರಾಗಲಿಲ್ಲ. ಆದರೆ ಕಾಡಿಗೆಲ್ಲ ದಾರಿ ಗೊತ್ತಾಯಿತು. ಕುಂಟುವ ಪ್ರಾಣಿ ಮಾತ್ರ ಬರಲಿಲ್ಲ.

ಮುಂದಿನ ವರ್ಷ ಅವಳು ಕಾಯಿಗಳನ್ನು ಗಟ್ಟಿಯಿರುವಾಗಲೇ ಕಿತ್ತು ಬುಟ್ಟಿಯ ಹುಲ್ಲಿನಲ್ಲಿ ಮಲಗಿಸಿದಳು. ಕಾದಳು. ಗುಡಿಸಲೆಲ್ಲ ಘಮಘಮ. ಒಂದು ದಿನ ನೋಡಿದರೆ ಪಿಕಳಾರ ಬುಟ್ಟಿಯ ಮೇಲೆ ಕೂತು ಒಂದು ಹಣ್ಣನ್ನು ಕುಕ್ಕಿಬಿಟ್ಟಿತ್ತು. "ಎಂಜಲು ಮಾಡಿದೆಯಲ್ಲೇ" ಅಂತ ಚಂದಲೆ ಗದರಿ, ಆ ಹಣ್ಣನ್ನು ಕಿಟಕಿಯ ಮೇಲೆ ಎತ್ತಿಟ್ಟಳು. ಹಳೆಯ ಮಡಿ ಅಷ್ಟು ಬೇಗ ಬಿಡುತ್ತದೆಯೇ?

ಬೆಳಗಿನ ಎಳೆಬಿಸಿಲಿನಲ್ಲಿ ಪ್ರಾಣಿಗಳು ಬಂದು ಸಾಲಾಗಿ ನಿಂತವು. ಚಂದಲೆ ಒಂದೊಂದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಕುಂಟುವುದು ಯಾವುದೂ ಕಣ್ಣಿಗೆ ಬೀಳಲಿಲ್ಲ, ಗಂಡ ಯಾವುದು ಅಂತ ತಿಳಿಯಲಿಲ್ಲ. ಕೊಡದೆ ಕಳಿಸಲು ಮನಸ್ಸೂ ಬರಲಿಲ್ಲ. ಜಿಂಕೆಗೆ ಕೊಟ್ಟಳು, ಅದು ಕುಂಬಾರಗಿತ್ತಿಯಾಗಿ ಎದ್ದು ನಿಂತಿತು. ಮುಳ್ಳುಹಂದಿಗೆ ಕೊಟ್ಟಳು, ಅದು ಮುಂಗೋಪದ ಅಗಸನಾಯಿತು. ಮೊಲಗಳಿಗೆ ಕೊಟ್ಟಳು, ಅವು ಮೊಲಗಳೇ, ತಿಂದು ಮೀಸೆ ಒರೆಸಿಕೊಂಡವು. ಹೀಗೆ ಕೊಡುತ್ತ ಕೊಡುತ್ತ ಬುಟ್ಟಿ ಬರಿದಾಯಿತು.

ಆಗ ಕಂಡಿತು, ಎಲ್ಲರ ಹಿಂದೆ, ಸಾಲಿನ ಕೊನೆಯಲ್ಲಿ, ಕುಂಟುವ ಕರಡಿಯೊಂದು. ಮುಂದೆ ನುಗ್ಗದೆ, ಎಲ್ಲರಿಗೂ ದಾರಿ ಬಿಟ್ಟು ನಿಂತಿತ್ತು. ಕೊನೆಯ ಪಂಕ್ತಿಯಲ್ಲಿ ನಿಲ್ಲುವವನು ಇನ್ನಾರು?

"ಎಲ್ಲರಿಗೂ ಕೊಟ್ಟೆ, ನಿಮಗೇ ಇಲ್ಲವಾಯಿತು" ಅಂತ ಕರಡಿಯ ಕುತ್ತಿಗೆ ತಬ್ಬಿಕೊಂಡು ಅತ್ತಳು. ಪಿಕಳಾರ ಕಿಟಕಿಯ ಮೇಲೆ ಟಕ್ ಟಕ್ ಕುಕ್ಕಿತು. ಅಲ್ಲಿ ಎಂಜಲು ಹಣ್ಣು ಇತ್ತು.

ಅವಳು ಅದನ್ನು ಕೈಗೆತ್ತಿಕೊಂಡದ್ದೇ ಬೇಲಿಯೊಳಗಿನಿಂದ ಮಸಣಯ್ಯ ಅರಚಿದ, "ಗಂಡನಿಗೆ ಹಕ್ಕಿಯ ಎಂಜಲು ತಿನ್ನಿಸುತ್ತೀಯಾ? ಊರು ಉಗಿಯುತ್ತದೆ."

ಚಂದಲೆಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಹೇಳಿದಳು, "ಈ ಹಕ್ಕಿಗೋಸ್ಕರವೇ ಇವರು ಕೈ ಹಾಕಿದ್ದು. ಅದು ಉಂಡದ್ದು ಎಂಜಲಲ್ಲ." ಹಣ್ಣನ್ನು ಕರಡಿಯ ಬಾಯಿಗಿಟ್ಟಳು.

ಮಸಣಯ್ಯ ಕಸಿದುಕೊಳ್ಳಲು ಕೈ ಚಾಚಿದ. ಅವಸರದಲ್ಲಿ ತಾನೇ ನೇಯ್ದ ಬೇಲಿಯಲ್ಲಿ ಕೈ ತೂರಿಸಿಬಿಟ್ಟ. ಬೇಲಿಗೇನು, ನೇಯ್ದವನೂ ಒಂದೇ, ಬೇರೆಯವನೂ ಒಂದೇ. ಮಸಣಯ್ಯ ಹೆಗ್ಗಣವಾಗಿ ನೆಲಕ್ಕೆ ಬಿದ್ದ. ಎಳೆಎಳೆಯಾಗಿ ಬೇಲಿ ಕರಗಿತು. ಕಾದು ಕಾದು ಸಾಕಾಗಿದ್ದ ಜೇನುಗಳು ತೋಟಗಳೊಳಗೆ ಹರಿದವು.

ಕರಡಿಯಿದ್ದಲ್ಲಿ ಸಾಂತಯ್ಯ ಕೂತಿದ್ದ. ಅವನ ತಲೆಯೂ ನೆರೆತಿತ್ತು. ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು, "ಹಕ್ಕಿ ಸಿಹಿಯಿದ್ದುದನ್ನೇ ಕುಕ್ಕಿದೆ ಕಣೇ" ಅಂದ.

"ನಾನು ನಿಮಗೆ ಕಲ್ಲು ಹೊಡೆದೆ" ಅಂದಳು ಚಂದಲೆ.

"ಹೂಂ. ಹೆಸರು ಹಿಡಿದು ಕರೆದಾದ ಮೇಲೆ ತಾನೆ. ಇನ್ನೊಮ್ಮೆ ಕರೆ ನೋಡೋಣ."

ಅವಳು ಕರೆದಳು. ಊರೆಲ್ಲ ಕೇಳಿಸಿಕೊಂಡಿತು, ಯಾರೂ ತಪ್ಪೆನ್ನಲಿಲ್ಲ.

ಮರುವರ್ಷ ನಾಡಿನ ಪ್ರತಿ ಮರವೂ ಕಾಯಿ ಬಿಟ್ಟಿತು. ಕೇತರಸ ನಾಚುತ್ತ ನಾಚುತ್ತ ಹಕ್ಕಿ ಕುಕ್ಕಿದ ಹಣ್ಣೊಂದನ್ನು ತಿಂದ, ಎರಡನೆಯದನ್ನು ತಾನೇ ಕೇಳಿ ಪಡೆದ. ಮೇಲಿನ ಕೊಂಬೆಯ ಹಣ್ಣು ಹಕ್ಕಿಗೆ, ಉದುರಿದ್ದು ಜಿಂಕೆಗೆ, ಉಳಿದದ್ದು ನಮಗೆ ಅಂತ ಊರವರು ತೀರ್ಮಾನಿಸಿ ಸುಖವಾಗಿದ್ದರು. ಸಾಂತಯ್ಯನನ್ನು ಮಾತ್ರ ಎಳೆದು ತಂದು ಮೊದಲ ಪಂಕ್ತಿಯಲ್ಲಿ ಕೂರಿಸುತ್ತಿದ್ದರು.

ಮಸಣಯ್ಯನ ಗತಿ ಕೇಳುತ್ತೀರಾ? ಸುಗ್ಗಿಯಲ್ಲಿ ಪ್ರತಿಸಲ ಚಂದಲೆ ಅವನ ಬಿಲದ ಬಾಯಿಗೆ ಹೋಗಿ, ಹಕ್ಕಿ ಕುಕ್ಕಿದ ತನ್ನ ಮರದ ಹಣ್ಣೊಂದನ್ನು ಅಂಗೈಯಲ್ಲಿ ಹಿಡಿದು ಕೂರುತ್ತಾಳೆ. ತಿಂದರೆ ಅವನೂ ಮನುಷ್ಯನಾದಾನು. ಹೆಗ್ಗಣ ಹೊರಗೆ ಬರುತ್ತದೆ, ಮೂಸುತ್ತದೆ, ಕುಕ್ಕಿದ ಗುರುತು ನೋಡಿ ಮೂತಿ ತಿರುಗಿಸಿಕೊಂಡು ಒಳಗೆ ಹೋಗುತ್ತದೆ. ಅವಳು ಮುಂದಿನ ವರ್ಷವೂ ಬರುತ್ತಾಳೆ.